ಗೇಟಿನ ಎಡಗಡೆಯ ಕೆಂಪು ಹೂವಿನ ಬಳ್ಳಿಯವರ ಸನ್ನಿಧಾನಕ್ಕೆ

ಇವರಿಗೆ:
ಶ್ರೀ ಅಥವಾ ಶ್ರೀಮತಿ ಸ್ಕಾರ್ಲೆಟ್ ರನ್ನರ್ ಬೀನ್ಸ್ ಬಳ್ಳಿಯವರು,
ಗೇಟಿನ ಎಡಗಡೆ, ನಮ್ಮ ಮನೆಯ ಅಂಗಳ, ಹೊನ್ನಾಳಿ.

ಇವರಿಂದ:
ಶಾಂತಲಾ, ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ಅದೇ ಮನೆ, ಗೇಟಿನ ಒಳಗಡೆ.

ವಿಷಯ: ಬಿಡಬೇಕಾದ ಕಾಲದಲ್ಲಿ ಕಾಯಿ ಬಿಡದೆ, ಬಿಡಲೇಬಾರದ ಕಾಲದಲ್ಲಿ ಒಂದು ಕಾಯಿ ಬಿಟ್ಟಿರುವ ಬಗ್ಗೆ ದೂರು.

ಮಾನ್ಯರೇ,

ಮೊದಲಿಗೆ, ಕಾಂಪೌಂಡ್ ಗೋಡೆಯಿಂದ ಹಿಡಿದು ನಮ್ಮ ಮನೆಯ ಸಜ್ಜಾದವರೆಗೆ ಹಬ್ಬಿರುವ ತಮ್ಮ ಸಮಸ್ತ ಕುಡಿಗಳಿಗೂ, ಎಲೆಗಳಿಗೂ, ಮಣ್ಣಿನೊಳಗೆ ಯಾರ ಕಣ್ಣಿಗೂ ಬೀಳದೆ ಕೂತಿರುವ ತಮ್ಮ ಗೆಡ್ಡೆಗೂ ಕೈಮುಗಿದು, ಈ ಮುಂಗಾರಿನಲ್ಲಿ ತಾವು ಸುಖವಾಗಿದ್ದೀರೆಂದು ನಂಬಿ, ನಾನು ಸುಖವಾಗಿಲ್ಲವೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ದಿನಕ್ಕೆರಡು ಹೊತ್ತು ತಮ್ಮ ಬುಡದಲ್ಲೇ ನಿಂತು ನೀರು ಹಾಕುವವಳು ಬಾಯಿಬಿಟ್ಟು ಹೇಳುವುದನ್ನು ಬಿಟ್ಟು ಕಾಗದ ಯಾಕೆ ಬರೆಯುತ್ತಾಳೆಂದು ತಾವು ಕೇಳಬಹುದು. ಹಿಂದೊಮ್ಮೆ ಬಾಯಿಬಿಟ್ಟು ಹೇಳಿದ್ದೆ. ಬೆಳಿಗ್ಗೆ ಬಾಗಿಲಿಗೆ ಹೂವು ಕೊಡಲು ಬರುವ ಕಾಟಮ್ಮ ಗೇಟಿನಾಚೆ ನಿಂತು ಅಷ್ಟನ್ನೂ ಕೇಳಿಸಿಕೊಂಡು, "ಪಾಪ, ಓದಿ ಓದಿ ಹಿಂಗಾಗೈತೆ" ಎಂದು ಮೂರು ಬೀದಿಗೆ ಹೇಳಿ ಬಂದಳು. ಇನ್ನು ಈ ಕಾಗದ ಬಹಿರಂಗವಾಗಿಯೇ ಯಾಕೆ ಎಂದರೆ, ನಮ್ಮಿಬ್ಬರ ನಡುವೆ ನಡೆದದ್ದರಲ್ಲಿ ಊರಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದು ಉಳಿದಿದೆ, ಅದನ್ನೂ ನಾನೇ ಹೇಳಿಬಿಡುವುದು ಮರ್ಯಾದೆ.

ತಮ್ಮ ಭಾವಚಿತ್ರವನ್ನು ನಾನು ಮೊದಲು ಕಂಡದ್ದು ಜನವರಿಯ ಒಂದು ಭಾನುವಾರ, ಮೊಬೈಲಿನಲ್ಲಿ. ಯಾವುದೋ ತಣ್ಣನೆಯ ದೇಶದ ಬಿಳಿ ಗೋಡೆಯ ಮೇಲೆ ತಾವು ಕೆಂಪಗೆ ಹಬ್ಬಿ ನಿಂತಿದ್ದಿರಿ. ಫೋಟೊ ನೋಡಿ ಒಪ್ಪಬಾರದು ಎಂಬುದನ್ನು ಇಪ್ಪತ್ತೇಳನೇ ವಯಸ್ಸಿನಲ್ಲೇ ಚೆನ್ನಾಗಿ ಕಲಿತಿದ್ದ ನಾನು ನಲವತ್ತಮೂರನೇ ವಯಸ್ಸಿನಲ್ಲಿ ಫೋಟೊ ನೋಡಿಯೇ ಒಪ್ಪಿಕೊಂಡೆ. ಪೊಟ್ಟಣ ಬಂತು, ಅದರ ಮೇಲೆ "ಚಳಿ ಕಳೆದ ಮೇಲೆ, ಮಾರ್ಚ್ ತಿಂಗಳಿಂದ ಬಿತ್ತಿರಿ" ಎಂಬ ಸೂಚನೆಯೂ ಬಂತು. ಯಾವ ದೇಶದ ಮಾರ್ಚ್ ಎಂದು ಕೇಳುವಷ್ಟು ಬುದ್ಧಿ, ಹದಿನೆಂಟು ವರ್ಷದಿಂದ ನ್ಯಾಮತಿಯ ಮಕ್ಕಳಿಗೆ ಹವಾಮಾನದ ಪಾಠ ಮಾಡುತ್ತಿರುವ ನನಗೆ ಹೊಳೆಯಲಿಲ್ಲ. ನಮ್ಮ ಹೊನ್ನಾಳಿಯಲ್ಲಿ ಮಾರ್ಚ್ ಎಂದರೆ ಸಿಮೆಂಟಿನ ಅಂಗಳಕ್ಕೆ ಬರಿಗಾಲಲ್ಲಿ ಇಳಿಯಲು ಅಂಜುವ ಕಾಲ. ಆ ಕಾಲದಲ್ಲಿ, ಗೇಟಿನ ಎಡಗಡೆ, ಹದಿನಾರು ವರ್ಷದಿಂದ ಏನನ್ನೂ ನೆಡದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ತಮ್ಮನ್ನು ಊರಿದೆ. ಆ ಜಾಗ ಯಾಕೆ ಖಾಲಿ ಇತ್ತೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಬಿತ್ತುವ ಮೊದಲು ನಮ್ಮಮ್ಮ ಶಾಂತಾದೇವಿಯವರು ತಮ್ಮ ಕಾಳುಗಳನ್ನು ಅಂಗೈಯಲ್ಲಿ ಹಾಕಿಕೊಂಡು, ಆ ನೇರಳೆ ಬಣ್ಣವನ್ನೂ ಕಪ್ಪು ಚುಕ್ಕೆಗಳನ್ನೂ ಕಣ್ತುಂಬ ನೋಡಿ, "ಇಷ್ಟು ಚೆಂದ ಅವರೆಕಾಳ ನಾನು ಹುಟ್ಟಿದಾಗಿಂದ ಕಂಡಿಲ್ಲವ್ವ, ಮಣ್ಣಿಗ್ಯಾಕೆ, ಸಾರಿಗೆ ಹಾಕ್ತೀನಿ ಕೊಡು" ಎಂದರು. ತಮ್ಮ ಪ್ರಾಣ ಉಳಿಸಿದವಳು ನಾನು ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಆದರೆ ತಮ್ಮ ಬಳಗದ ಮೂವರ ಪ್ರಾಣ ತೆಗೆದವಳೂ ನಾನೇ. ಹುರುಳಿಯಿರಲಿ, ಬೀನ್ಸಿರಲಿ, ಮೊಳಕೆ ಬರುವಾಗ ಬೇಳೆಗಳೆರಡೂ ಮಣ್ಣಿನಿಂದ ಮೇಲಕ್ಕೆ ಎದ್ದು ಬರುತ್ತವೆಂದು ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದವಳಿಗೆ, ತಮ್ಮ ವಂಶದಲ್ಲಿ ಬೇಳೆ ಮಣ್ಣಿನೊಳಗೇ ಉಳಿಯುವ ಪದ್ಧತಿ ಎಂಬುದು ತಿಳಿದಿರಲಿಲ್ಲ. ಬರೀ ಎಲೆ ಬಂತು, ಬೇಳೆ ಕೊಳೆತಿರಬೇಕು ಎಂದುಕೊಂಡು ಮೂರು ಸಸಿಗಳನ್ನು ಅಗೆದು ನೋಡಿದೆ. ಒಳಗೆ ಬೇಳೆಗಳು ಗಟ್ಟಿಮುಟ್ಟಾಗಿದ್ದವು; ಅಗೆದ ಮೇಲೆ ಸತ್ತವು. ಹನ್ನೆರಡು ಕಾಳಿನಲ್ಲಿ ಒಂಬತ್ತು ಉಳಿದವು.

ಉಳಿದ ಒಂಬತ್ತೂ ಸೇರಿ ತೋರಿಸಿದ ಉತ್ಸಾಹವನ್ನು ನಾನು ಹೊಗಳದೆ ಇರಲಾರೆ. ನಾನು ಕಟ್ಟಿದ ಸೆಣಬಿನ ದಾರವನ್ನು ತಾವು ಒಂದು ವಾರದಲ್ಲಿ ಮುಗಿಸಿ, ಬಟ್ಟೆ ಒಣಗಿಸುವ ತಂತಿ ಹಿಡಿದು, ಅದನ್ನು ಮುಗಿಸಿ, ಟಿ.ವಿ.ಯ ಕೇಬಲ್ ಹಿಡಿದಿರಿ. ಅಮ್ಮನ ಸಂಜೆ ಏಳರ ಧಾರಾವಾಹಿಯಲ್ಲಿ ಅತ್ತೆಯ ಮುಖ ಬರುವಾಗಲೇ ಚಿತ್ರ ಕಡಿದುಹೋಗತೊಡಗಿತು. "ಅದಕ್ಕೊಂದು ಚಪ್ಪರ ಹಾಕ್ಸವ್ವ, ನನ್ನ ಧಾರಾವಾಹಿ ಮ್ಯಾಲೆ ಹತ್ತಾಕೆ ನಿಂತೈತೆ" ಎಂದು ಅಮ್ಮ ತೀರ್ಪು ಕೊಟ್ಟರು. ಜಗಳೂರು ಸೀಮೆಯ ಬಿಳಿಚೋಡಿನಿಂದ ಬಂದು ನಮ್ಮ ಬೀದಿಯಲ್ಲೇ ನೆಲೆಸಿ, ಬೇಲಿಯಿಂದ ಹಿಡಿದು ಹೆಂಚಿನವರೆಗೆ ಎಲ್ಲವನ್ನೂ ಸರಿಮಾಡುವ ಜಂಪಣ್ಣನಿಗೆ ಹೇಳಿಕಳಿಸಿದೆವು. ಏಪ್ರಿಲ್ ಮೊದಲ ವಾರ. ಪರೀಕ್ಷೆಯ ಕೆಲಸಕ್ಕೆ ನಾನು ಬೆಳಿಗ್ಗೆಯೇ ಬಸ್ಸು ಹತ್ತಬೇಕಿತ್ತು. ಆರು ಗಂಬ ನೆಟ್ಟು ಮೇಲೆ ಅಡ್ಡಕ್ಕೆ ಬಿದಿರು ಕಟ್ಟು ಎಂದಷ್ಟೇ ಹೇಳಿ ಹೋದೆ.

ಸಂಜೆ ಬಂದು ನೋಡಿದರೆ, ಮಾನ್ಯರೇ, ತಮ್ಮ ಬುಡದಲ್ಲಿ ನೆಟ್ಟಿದ್ದ ಮೊದಲ ಗಂಬಕ್ಕೆ ಅರಿಸಿನ ಬಳಿದು, ಕುಂಕುಮ ಇಟ್ಟು, ಮಾವಿನ ಸೊಪ್ಪು ಸೇರಿಸಿ ಹಳದಿ ಬಟ್ಟೆ ಕಟ್ಟಿ, ಬುಡಕ್ಕೆ ಹಾಲೆರೆದು ಕಾಯಿ ಒಡೆದಾಗಿತ್ತು. ಮದುವೆಯ ಮನೆಯಲ್ಲಿ ಚಪ್ಪರಕ್ಕೆ ಮೊದಲು ನೆಡುವ ಹಾಲುಗಂಬಕ್ಕೆ ಏನೇನು ಮಾಡಬೇಕೋ ಅದರಲ್ಲಿ ಒಂದೂ ಬಿಟ್ಟಿರಲಿಲ್ಲ. ಎದುರುಮನೆಯ ಹೆಣ್ಣುಮಕ್ಕಳು ಆರತಿ ಎತ್ತಿ, ಅಮ್ಮ ಕೊಟ್ಟ ಎಲೆ ಅಡಿಕೆ ತೆಗೆದುಕೊಂಡು ಹೋಗಿಯೂ ಆಗಿತ್ತು. ಬೀನ್ಸಿನ ಗಂಬಕ್ಕೆ ಯಾರಾದರೂ ಆರತಿ ಎತ್ತುತ್ತಾರೇನೋ ಎಂದು ನಾನು ಜಂಪಣ್ಣನ ಮೇಲೆ ಹರಿಹಾಯ್ದೆ. ಅವನು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ, "ಅವತ್ತು ಇದೇ ಗುಂಡಿಯಿಂದ ಗಂಬ ಕಿತ್ತೋನು ನಾನೇ ಅಲ್ಲೇನವ್ವಾ. ಇವತ್ತು ಅಲ್ಲೇ ನೆಡು ಅಂದ್ರೆ ಪೂಜೆ ಇಲ್ದೆ ಹೆಂಗೆ ನೆಡ್ಲಿ, ಕೈ ಏಳಲ್ಲ" ಎಂದ.

ಆ ಜಾಗ ಖಾಲಿ ಇದ್ದದ್ದು ಅದಕ್ಕೇ. ನನಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಗೇಟಿನ ಎಡಗಡೆ ನನ್ನ ಮದುವೆಯ ಹಾಲುಗಂಬ ನೆಟ್ಟಿದ್ದರು. ಲಗ್ನಕ್ಕೆ ನಾಲ್ಕು ದಿನ ಇರುವಾಗ ಗಂಡಿನ ಕಡೆಯವರು ಬೇಡವೆಂದು ಹೇಳಿಕಳಿಸಿದರು. ಕಾರಣ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅಪ್ಪ ಇದ್ದರು ಆಗ. ಅವರಿಗೆ ಆ ಗಂಬ ಮುಟ್ಟಲು ಆಗಲಿಲ್ಲವೆಂದು ಜಂಪಣ್ಣ ಬಂದು ಕಿತ್ತ. ಮದುವೆಯಾಗುವ ತನಕ ಹಾಲುಗಂಬ ಕೀಳಬಾರದೆಂದು ಊರಿಗೆಲ್ಲ ಹೇಳುವವನು ಅವನೇ, ಕೀಳಬೇಕಾಗಿ ಬಂದವನೂ ಅವನೇ. ಅವತ್ತು ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ, ನೋವಾಯಿತು, ಬಹಳ ದಿನ ನೋವಾಯಿತು. ಮೂವತ್ತಾರಕ್ಕೆ ಬಂದ ಮೇಲೆ, ಇನ್ನು ಮುಂದೆ ಈ ಮನೆಯಲ್ಲಿ ನನ್ನ ಮದುವೆಯ ಮಾತು ಎತ್ತಕೂಡದೆಂದು ನಾನೇ ಸಾರಿದೆ, ಜನ ಮರೆತರು, ನಾನೂ ನೆಮ್ಮದಿಯಾಗಿದ್ದೆ. ತಾವು ಬಂದು ಹತ್ತಿದ್ದು ಆ ನೆಮ್ಮದಿಯ ಮೇಲೆ.

ಮಾರನೆಯ ಬೆಳಿಗ್ಗೆ ಕಾಟಮ್ಮ ಎರಡು ಮೊಳ ಹೂವು ಹೆಚ್ಚಿಗೆ ಅಳೆದು, "ಯಾವೂರ ಗಂಡು ತಾಯಿ? ನನಗೊಂದು ಮಾತು ಹೇಳಬಾರದಿತ್ತಾ, ದಂಡೆ ಕಟ್ಟಾಕೆ ಮೊದಲೇ ಮಲ್ಲಿಗೆ ಹೇಳಿಡಬೇಕಾಕ್ಕತಿ" ಎಂದಳು. ಇದು ಬೀನ್ಸಿನ ಚಪ್ಪರ ಎಂದೆ. "ನಾಚ್ಕಿ ಇರಬೇಕು ಬಿಡ್ರಿ, ಇರಲಿ" ಎಂದು ನಕ್ಕು ಹೋದಳು. ಶಾಲೆಯಲ್ಲಿ ನಮ್ಮ ಮುಖ್ಯೋಪಾಧ್ಯಾಯರಾದ ಪಂಚಾಕ್ಷರಪ್ಪನವರು ನನ್ನನ್ನು ಕೊಠಡಿಗೆ ಕರೆಸಿ, ಬೇಸಿಗೆ ರಜೆಯಲ್ಲೇ ಇಟ್ಟುಕೊಂಡದ್ದರಿಂದ ರಜೆ ಅರ್ಜಿಯ ತಾಪತ್ರಯ ತಪ್ಪಿತು, ತುಂಬ ಯೋಚನೆ ಮಾಡಿ ಕೆಲಸ ಮಾಡುತ್ತೀರಿ ಎಂದು ಮೆಚ್ಚಿದರು. ನಾನು ಸೇವೆಗೆ ಸೇರಿದ ಮೇಲೆ ಅವರು ನನ್ನನ್ನು ಮೆಚ್ಚಿದ್ದು ಅದೇ ಮೊದಲು. ಅಮ್ಮನಾದರೂ ಅಲ್ಲಗಳೆಯಬಹುದಿತ್ತು, ಅವರು ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ, ಕೇಳಿದವರಿಗೆಲ್ಲ "ಬಳ್ಳಿ ಕಾಯಿ ಬಿಡ್ಲಿ ತಡೀರಿ, ಆಮೇಲೆ ಹೇಳ್ತೀನಿ" ಎಂದು ನಗುತ್ತ ಕಳಿಸುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅವರನ್ನು ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು, ಅವರಿಗೆ ಖುಷಿಯಾಗಿತ್ತು.

ಆ ವಾರವೇ ನ್ಯಾಮತಿಯಿಂದ ಶಾಮಿಯಾನದ ಕೊಟ್ರಬಸಪ್ಪನವರು ಸ್ಕೂಟರಿನಲ್ಲಿ ಬಂದರು. ಸೂರಗೊಂಡನಕೊಪ್ಪದ ಜಾತ್ರೆಯಂಥ ದೊಡ್ಡ ಕಾರ್ಯಕ್ರಮಗಳಿಗೂ ಪೆಂಡಾಲು ಹಾಕುವವರು ಅವರು; ಅವರ ಅಂಗಡಿ ನಾನು ದಿನಾ ಬಸ್ಸಿಳಿಯುವ ಕಡೆಗೇ ಇದ್ದರೂ ಅವತ್ತಿನವರೆಗೆ ನಾನು ಆ ಕಡೆ ಸರಿಯಾಗಿ ನೋಡಿರಲಿಲ್ಲ. ಮೂವರು ತಂಗಿಯರ ಮದುವೆ ಮಾಡಿ, ಊರ ಮಂದಿಗೆಲ್ಲ ಚಪ್ಪರ ಹಾಕಿ, ಸ್ವಂತದ್ದೊಂದನ್ನು ಹಾಗೇ ಬಿಟ್ಟುಕೊಂಡವರು. ಅಳತೆಯ ಟೇಪು ತೆಗೆದು ಅಂಗಳ ಅಳೆದು, ಕುರ್ಚಿ ಎಷ್ಟು, ಗಂಡಿನ ಕಡೆಯವರು ಯಾವೂರು, ಊಟ ಟೇಬಲ್ಲಿನ ಮೇಲೋ ಪಂಕ್ತಿಯೋ ಎಂದು ಒಂದೇ ಉಸಿರಿಗೆ ಕೇಳಿದರು. ಇದು ಬೀನ್ಸಿಗೆ ಎಂದು ನಾನು ಆ ವಾರದಲ್ಲಿ ನಲವತ್ತನೆಯ ಸಲ ಹೇಳಿದೆ. ನಂಬಿದವರು ಅವರೊಬ್ಬರೇ. ಟೇಪು ಮಡಚಿಟ್ಟು, ಆಗಷ್ಟೇ ಮೊದಲ ಗೊಂಚಲು ತೆಗೆದಿದ್ದ ತಮ್ಮನ್ನು ಕತ್ತೆತ್ತಿ ಬಹಳ ಹೊತ್ತು ನೋಡಿ, "ಹೂವು ಭಾಳ ಚೆಂದ ಅದಾವ್ರಿ. ಆದ್ರೆ ಗಂಟು ಸಡ್ಲ ಐತೆ, ಒಂದು ಗಾಳಿಗೆ ಬೀಳ್ತೈತೆ" ಎಂದು, ಜಂಪಣ್ಣ ಕಟ್ಟಿದ್ದನ್ನೆಲ್ಲ ಬಿಚ್ಚಿ ಪೆಂಡಾಲಿನವರ ಗಂಟು ಹಾಕಿದರು. ಎಂಥ ಗಾಳಿಗೂ ಜಾರದ, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಬಳ್ಳಿ ಬೆಳೆದ ಹಾಗೆ ಗಂಟು ಬದಲಿಸಬೇಕಾಗುತ್ತದೆಂದು ಹೇಳಿ, ಮುಂದಿನ ಭಾನುವಾರ ಬರುತ್ತೇನೆಂದರು.

ಬಂದರು. ಬಿಸಿಲಿಗೆ ತಮ್ಮ ಎಲೆಗಳು ಮಧ್ಯಾಹ್ನದ ಹೊತ್ತಿಗೆ ಸೊರಗಿ ಜೋತುಬೀಳುವುದನ್ನು ನೋಡಿ, ಅದರ ಮುಂದಿನ ಭಾನುವಾರ ಒಂದು ಹಳೆಯ ಶಾಮಿಯಾನದ ಬಟ್ಟೆ ತಂದು ಮೇಲೆ ನೆರಳಿಗೆ ಕಟ್ಟಿದರು. ಕೆಂಪು ಹಳದಿ ಪಟ್ಟಿ, ಅಂಚಿಗೆ ಜಾಲರಿ. ಹಾಲುಗಂಬ ಮೊದಲೇ ಇತ್ತು, ಹಸಿರು ಚಪ್ಪರ ಇತ್ತು, ಅದರ ಮೇಲೆ ಈಗ ಶಾಮಿಯಾನವೂ ಬಂದು, ಇನ್ನು ವಾಲಗದವರು ಬಂದು ಕೂತರೆ ಸಾಕು ಎಂಬಂತಾಯಿತು. ಕೆರೆ ಬೀದಿಯ ಒಬ್ಬರು ಸಂಸಾರ ಸಮೇತ, ಹೊಸ ಸೀರೆ ಉಟ್ಟು, ಊಟದ ಹೊತ್ತಿಗೆ ಸರಿಯಾಗಿ ಬಂದು, ಕರೆಯದಿದ್ದರೂ ಪರವಾಗಿಲ್ಲ ನಮ್ಮವರೇ ಅಲ್ಲವೇ ಎಂದು ಕೂತರು. ಅಮ್ಮ ಶಾವಿಗೆ ಪಾಯಸ ಮಾಡಿ ಹಾಕಿ ಕಳಿಸಿದರು. ಪಾಯಸ ಉಂಡ ಮೇಲೆ ಬೀನ್ಸ್ ಎಂದು ಹೇಳಿದರೆ ಯಾರು ನಂಬುತ್ತಾರೆ.

ಇಷ್ಟೆಲ್ಲ ಅವಮಾನವನ್ನು ನಾನು ನುಂಗಿಕೊಂಡದ್ದು ಒಂದೇ ಒಂದು ಆಸೆಗೆ. ಒಂದು ಬುಟ್ಟಿ ಕಾಯಿ ಬಿಡಿ, ಅದನ್ನು ಹಿಡಿದು ಬೀದಿಯ ಮನೆಮನೆಗೆ ಹಂಚಿ, ನೋಡಿ ಇದಕ್ಕೇ ಹಾಕಿದ್ದು ಚಪ್ಪರ ಎಂದು ಸಾಬೀತು ಮಾಡುತ್ತೇನೆ ಎಂದುಕೊಂಡಿದ್ದೆ. ತಾವು ಏಪ್ರಿಲ್ ಪೂರ್ತಿ ಹೂವು ಬಿಟ್ಟಿರಿ. ಬಿಟ್ಟ ಹೂವೆಲ್ಲ ಉದುರಿತು. ಅಮ್ಮ ಬೆಳಿಗ್ಗೆ ಅಂಗಳದಿಂದ ಮೊರದ ತುಂಬ ಕೆಂಪು ಹೂವು ಗುಡಿಸಿ ಬೀದಿಯ ಅಂಚಿಗೆ ಹಾಕಿದರೆ ದಾರಿಹೋಕರು, ಓ ನಿನ್ನೆ ಆಯಿತೇನೋ ಎಂದು ಕೇಳುತ್ತಿದ್ದರು. ಜೇನು ಬರುತ್ತಿಲ್ಲ, ಪರಾಗ ಸೇರುತ್ತಿಲ್ಲ ಎಂದು ಶಾಸ್ತ್ರೋಕ್ತವಾಗಿ ತೀರ್ಮಾನಿಸಿ, ಶಾಲೆಯ ಚಿತ್ರಕಲಾ ಪೆಟ್ಟಿಗೆಯಿಂದ ಒಂದು ಸಣ್ಣ ಬ್ರಷ್ ತಂದು, ಬೆಳಿಗ್ಗೆ ಸ್ಟೂಲು ಹತ್ತಿ ನಿಂತು, ಹೂವಿನಿಂದ ಹೂವಿಗೆ ನಾನೇ ಜೇನಿನ ಕೆಲಸ ಮಾಡಿದೆ. "ಇಷ್ಟು ಕೆಂಪಗಿರೋ ಹೂವಿಗೂ ಬಣ್ಣ ಹಚ್ಚಾಕೆ ನಿಂತೀರಲ್ರೀ" ಎಂದು ಕಾಟಮ್ಮ ಮತ್ತೆ ಮೂರು ಬೀದಿ ತಿರುಗಿದಳು. ಆಮೇಲೆ ಪುಸ್ತಕ ತೆಗೆದು ಓದಿದಾಗ ಗೊತ್ತಾಯಿತು, ತಾವು ತಂಪು ಸೀಮೆಯವರು, ಇಲ್ಲಿನ ಬಿಸಿಲಿಗೆ ತಮ್ಮ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ, ಬ್ರಷ್ಷಲ್ಲ, ಬ್ರಹ್ಮ ಬಂದರೂ ಕಾಯಿ ಕಟ್ಟುವುದಿಲ್ಲ. ಇದನ್ನು ಪೊಟ್ಟಣ ತರಿಸುವ ಮೊದಲು ಓದಬೇಕಿತ್ತು.

ಇನ್ನು ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಮೇ ಇಪ್ಪತ್ತನಾಲ್ಕು, ಭಾನುವಾರ. ಕೊಟ್ರಬಸಪ್ಪನವರು ಹಾಲುಗಂಬದ ಮೇಲಿನ ಗಂಟು ಬಿಗಿಮಾಡುತ್ತ, ನನಗೆ ಬೆನ್ನು ಮಾಡಿಕೊಂಡೇ, "ನನಗೂ ನಲವತ್ತೆಂಟು ಆತ್ರೀ ಮೇಡಂ. ಊರ ಮಂದಿ ಹೆಂಗೂ ಮಾತಾಡಾಕೆ ಹತ್ಯಾರೆ, ಅವರ ಮಾತು ಖರೇ ಮಾಡಿದ್ರೆ ಹೆಂಗೆ ಅಂತ ನನಗೆ ಅನಿಸ್ತೈತೆ. ನಿಮಗೆ ಬ್ಯಾಡ ಅನಿಸಿದ್ರೆ ಬ್ಯಾಡ ಅನ್ರಿ, ಗಂಟು ಕಟ್ಟಾಕೆ ಬರೋದು ನಾನೇನು ಬಿಡಲ್ಲ" ಎಂದರು. ಹತ್ತನೇ ತರಗತಿಯ ಅರವತ್ತು ಮಕ್ಕಳನ್ನು ಒಂದು ನೋಟಕ್ಕೆ ಸುಮ್ಮನಾಗಿಸುವ ನಾನು ತುಂಬಿದ ಕೊಡವನ್ನೇ ಮತ್ತೆ ನಲ್ಲಿಯ ಕೆಳಗಿಟ್ಟೆ. ಹೌದು ಎನ್ನಲು ಹೋದರೆ ಆ ಗುಂಡಿ ಕಣ್ಣ ಮುಂದೆ ಬಂತು. ಬೇಡ ಎನ್ನಲೂ ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಈಗ ಕೇಳಬೇಡಿ. ಕೊನೆಗೆ, ಈ ಬಳ್ಳಿ ಒಂದು ಕಾಯಿ ಬಿಡಲಿ, ಆಗ ನೋಡೋಣ ಎಂದುಬಿಟ್ಟೆ. ಅಮ್ಮನ ಮಾತನ್ನೇ ಕದ್ದು ಆಡಿದೆ. ಅವರು ತಿರುಗಿ ನೋಡಿ, "ಆತು ಬಿಡ್ರಿ" ಎಂದು ನಕ್ಕು, ಸ್ಕೂಟರು ಹತ್ತಿ ಹೋದರು.

ಅವತ್ತಿನಿಂದ ತಮ್ಮ ಬಂಜೆತನದಷ್ಟು ನನಗೆ ಪ್ರಿಯವಾದದ್ದು ಬೇರೊಂದಿರಲಿಲ್ಲ. ಮೂವತ್ತೆಂಟು ಡಿಗ್ರಿಯ ಬಿಸಿಲಿನಲ್ಲಿ ತಾವು ಕಾಯಿ ಬಿಡುವುದು ವಿಜ್ಞಾನಕ್ಕೆ ವಿರುದ್ಧ. ವಿಜ್ಞಾನ ನನ್ನ ವಿಷಯ. ಆದ್ದರಿಂದ ನಾನು ಹೌದನ್ನೂ ಹೇಳದೆ ಬೇಡವನ್ನೂ ಹೇಳದೆ, ವರ್ಷಗಟ್ಟಲೆ ಭಾನುವಾರಗಳನ್ನು ಕಳೆಯಬಹುದಿತ್ತು. ತಮ್ಮ ಹೂವು ಉದುರಿದಷ್ಟೂ ನನ್ನ ಮಾತಿಗೆ ಬಲ. ಪಾಪ, ಅವರಿಗೆ ಈ ಪರಾಗದ ಸಂಗತಿ ಗೊತ್ತಿಲ್ಲ. ಬುಡ ತಂಪಾಗಿರಲೆಂದು ಒದ್ದೆ ಗೋಣಿಚೀಲ ತಂದು ಹಾಸಿದರು, ಬೇವಿನ ಹಿಂಡಿ ತಂದರು, ಬರುವಾಗೊಮ್ಮೆ ಹೋಗುವಾಗೊಮ್ಮೆ ಎಲೆ ಎತ್ತಿ ಎತ್ತಿ ಹುಡುಕಿ, ಏನೂ ಇಲ್ಲದಿದ್ದರೆ "ಅವಸರೇನಿಲ್ರಿ" ಎಂದು ತಮಗೆ ಹೇಳುತ್ತಿದ್ದರೋ ನನಗೆ ಹೇಳುತ್ತಿದ್ದರೋ. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಸುಮ್ಮನಿದ್ದೆ.

ಆಗ ಮಳೆ ಬಂತು. ಜೂನ್ ಎರಡನೇ ವಾರದಿಂದ ಹಿಡಿದದ್ದು ಬಿಡಲಿಲ್ಲ, ತುಂಗಭದ್ರೆ ಕೆಂಪಾಯಿತು, ಶಾಮಿಯಾನದ ಬಟ್ಟೆ ಬಿಚ್ಚಿಟ್ಟೆವು, ನಾನು ಸ್ವೆಟರು ಹುಡುಕಿಕೊಂಡೆ, ಮತ್ತು ಹವೆ ತಂಪಾದರೆ ತಮ್ಮ ಪರಾಗಕ್ಕೆ ಜೀವ ಬರುತ್ತದೆ ಎಂಬ ಪುಸ್ತಕದ ಮುಂದಿನ ಸಾಲನ್ನು ಮರೆತೆ. ಕಳೆದ ಸೋಮವಾರ ಬೆಳಿಗ್ಗೆ ಹಾಲುಗಂಬದ ಎಡಗಡೆ, ಅಗಲವಾದ ಒಂದು ಎಲೆಯ ಹಿಂದೆ, ಉಗುರಿನಷ್ಟು ಉದ್ದದ್ದೊಂದು ಕಂಡಿತು. ಹುಳು ಇರಬೇಕೆಂದುಕೊಂಡೆ, ಹುಳುವಾಗಿರಲಿ ಎಂದೂ ಬೇಡಿಕೊಂಡೆ. ಈವತ್ತಿಗೆ ಅದು ತೋರುಬೆರಳಿನುದ್ದ ಆಗಿದೆ. ಒಳಗೆ ಮೂರು ಕಾಳು ಉಬ್ಬಿರುವುದು ಮುಟ್ಟಿದರೆ ತಿಳಿಯುತ್ತದೆ. ಅಮ್ಮನಿಗೆ ಮಂಡಿನೋವು, ಸ್ಟೂಲು ಹತ್ತುವುದಿಲ್ಲ, ಕಂಡಿಲ್ಲ. ಕೊಟ್ರಬಸಪ್ಪನವರು ಬಿತ್ತನೆಗೆ ಕೈಜೋಡಿಸಲು ಸೊಕ್ಕೆ ಊರಲ್ಲಿರುವ ತಂಗಿಯ ಮನೆಗೆ ಹೋಗಿದ್ದಾರೆ, ಎರಡು ಭಾನುವಾರ ಬಂದಿಲ್ಲ. ಈ ಭಾನುವಾರ ಬರುತ್ತಾರೆ.

ಮಾನ್ಯರೇ, ಬಂದ ತಕ್ಷಣ ಅವರು ಮಾಡುವ ಮೊದಲ ಕೆಲಸ ಎಲೆ ಎತ್ತಿ ನೋಡುವುದು. ಕಂಡ ಮೇಲೆ ನಾನು ಹೌದು ಎನ್ನಬೇಕು, ಇಲ್ಲವೇ ಮಾತಿಗೆ ತಪ್ಪಿದವಳಾಗಬೇಕು. ಹೌದು ಎಂದರೆ ಮತ್ತೊಮ್ಮೆ ಊರೆಲ್ಲ ಗೊತ್ತಾಗಿ, ಮತ್ತೊಮ್ಮೆ ನಾಲ್ಕು ದಿನ ಇರುವಾಗ ಏನಾದರೂ ಆಗಿ, ಮತ್ತೊಮ್ಮೆ ಜಂಪಣ್ಣ ಬಂದು ಗಂಬ ಕೀಳಬೇಕಾದರೆ, ಅದನ್ನು ಕಿಟಕಿಯಲ್ಲಿ ನಿಂತು ನೋಡುವಷ್ಟು ಗಟ್ಟಿ ಈಗ ನಾನಿಲ್ಲ. ಹೆದರಿಕೆ ಎಂದರೆ ಇಷ್ಟೇ. ನಗುವವರು ನಗಲಿ, ಅಷ್ಟು ಸಣ್ಣ ಹೆದರಿಕೆ ಇದು.

ಆದ್ದರಿಂದ ತಮ್ಮಲ್ಲಿ ಈ ಕೆಳಗಿನ ಕೋರಿಕೆ. ತಾವು ಆ ಕಾಯಿಯನ್ನು ದಯವಿಟ್ಟು ವಾಪಸು ಪಡೆದು ಮೊದಲಿನಂತೆ ಹೂವು ಮಾಡಿಕೊಳ್ಳಬೇಕು. ಅದು ನಿಯಮದಲ್ಲಿ ಇಲ್ಲವಾದರೆ, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅದನ್ನು ಎಲೆಯಂತೆ ಚಪ್ಪಟೆಯಾಗಿ ಹಿಡಿದುಕೊಂಡಿರಬೇಕು. ಅದೂ ಆಗದಿದ್ದರೆ, ಸದರಿ ಕಾಯಿ ತಮ್ಮದಲ್ಲ, ಗಾಳಿಗೆ ಎದುರುಮನೆಯ ಚಪ್ಪರದ ಅವರೆ ಬಳ್ಳಿಯಿಂದ ಹಾರಿ ಬಂದದ್ದು ಎಂದು ಒಂದು ಹೇಳಿಕೆ ಕೊಡಬೇಕು. ಕೊನೆಯ ಪಕ್ಷ ಆಷಾಢ ಮುಗಿಯುವವರೆಗಾದರೂ ತಡೆಯಬಹುದಿತ್ತಲ್ಲ ಎಂಬುದು ನನ್ನ ನೋವು. ಎರಡು ತಿಂಗಳು ಮೊರಗಟ್ಟಲೆ ಹೂವು ಉದುರಿಸಿದ ತಮಗೆ ಇದೊಂದನ್ನು ಉದುರಿಸುವುದು ಏನು ಮಹಾ.

ತಮ್ಮ ಉದಾರತೆಗೆ ಮೊದಲೇ ಋಣಿಯಾಗಿ,

ತಮ್ಮ ವಿಶ್ವಾಸಿ, ಆದರೂ ಕತ್ತರಿ ಎಲ್ಲಿದೆ ಎಂದು ಬಲ್ಲ,
ಶಾಂತಲಾ

ಮರೆತ ಮಾತು: ಒಂದು ಸತ್ಯಾಂಶವನ್ನು ಮುಚ್ಚಿಟ್ಟು ದೂರು ಕೊಡುವುದು ವಿಜ್ಞಾನ ಶಿಕ್ಷಕಿಗೆ ಶೋಭಿಸುವುದಿಲ್ಲ, ಊರಿಗೆ ಗೊತ್ತಿಲ್ಲದ ಆ ಒಂದು ಸಂಗತಿ ಇದು. ಮೇ ಇಪ್ಪತ್ತನಾಲ್ಕರಂದು ಷರತ್ತು ಹಾಕಿದ ಮೇಲೆ ನಾನು ಆ ಬ್ರಷ್ಷನ್ನು ಪೆಟ್ಟಿಗೆಗೆ ಸೇರಿಸಬೇಕಿತ್ತು. ಸೇರಿಸಲಿಲ್ಲ. ಮಾರನೆಯ ಬೆಳಿಗ್ಗೆಯಿಂದ, ಅಮ್ಮ ಏಳುವ ಮುಂಚೆ, ಕಾಟಮ್ಮ ಬರುವ ಮುಂಚೆ ಒಮ್ಮೆ, ಸಂಜೆ ಅಮ್ಮ ಧಾರಾವಾಹಿಗೆ ಕೂತಾಗ ಇನ್ನೊಮ್ಮೆ, ಸ್ಟೂಲು ಹತ್ತಿ, ಮೊದಲು ಒಂದು ಹೊತ್ತು ಮಾಡುತ್ತಿದ್ದದ್ದನ್ನು ಎರಡು ಹೊತ್ತು ಮಾಡಿದೆ. ಮಳೆಯಲ್ಲಿ ಕೊಡೆ ಹಿಡಿದೂ ಮಾಡಿದೆ. ಈಗ ಕಾಯಿ ಬಿಟ್ಟಿರುವ ಗೊಂಚಲಿಗೆ ಗುರುತಿಗೆಂದು ಬಿಳಿ ದಾರ ಕಟ್ಟಿದವಳೂ ನಾನೇ. ಆದ್ದರಿಂದ ಮೇಲಿನ ದೂರಿನಲ್ಲಿ ತಮ್ಮ ಹೆಸರು ಇರುವ ಕಡೆಯಲ್ಲೆಲ್ಲ ನನ್ನ ಹೆಸರನ್ನು ಓದಿಕೊಳ್ಳತಕ್ಕದ್ದು, ಕೋರಿಕೆಗಳನ್ನೆಲ್ಲ ಹೊಡೆದುಹಾಕತಕ್ಕದ್ದು. ಬದಲಿಗೆ ಒಂದೇ ಉಪಕಾರ ಮಾಡಿ: ಭಾನುವಾರ ಅವರು ಬಂದು ಗಂಟಿಗೆ ಕೈ ಹಾಕಿದಾಗ ಕಾಯಿಯ ಮುಂದಿನ ಆ ಅಗಲವಾದ ಎಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಳ್ಳಿ, ಕಾಯಿ ಬಿಟ್ಟಿದೆ ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ. ತಮ್ಮನ್ನು ಸಾರಿಗೆ ಹಾಕಲು ಅಮ್ಮ ಮಾರ್ಚ್‌ನಿಂದ ಕಾಯುತ್ತಿದ್ದಾರೆ ಎಂಬುದು ನೆನಪಿರಲಿ. ತಾವು ಸರಿಸದಿದ್ದರೆ, ನಾನೇ ಸರಿಸುತ್ತೇನೆ.